‘ಟಕ್’ ಒಂದು ಕಾಯಿಲೆ, ‘ಕಟಕಟ’ ಇನ್ನೊಂದು



ಮುಂಬೈಯಲ್ಲಿ ಮಳೆ ಹಿಡಿಯಿತೆಂದರೆ ನಮ್ಮ ಈ ಕನ್ನಡ ಕಾರ್ಯಕ್ರಮಕ್ಕೆ ಬರುವ ಫೋನುಗಳ ಧಾಟಿಯೇ ಬದಲಾಗುತ್ತದೆ. ಮೆಚ್ಚಿನ ಹಾಡು ಕೇಳಲು ಫೋನ್ ಮಾಡಿದವರು ಹಾಡಿನ ಹೆಸರು ಹೇಳುವ ಮೊದಲು ಒಂದು ಗೋಳು ಹೇಳಿಕೊಳ್ಳುತ್ತಾರೆ. ಲೋಕಲ್ ರೈಲು ತಡ, ಗೋಡೆಯಲ್ಲಿ ನೀರು, ಒಗೆದ ಬಟ್ಟೆ ಮೂರು ದಿನವಾದರೂ ಒಣಗಿಲ್ಲ. ಈ ಪಟ್ಟಿಯಲ್ಲಿ ತಪ್ಪದೆ ಬರುವ ಇನ್ನೊಂದು ಗೋಳು ಕಾರಿನದು. ‘ನಮ್ಮದು ಹಳೇ ಗಾಡಿ. ಒಂದು ದಿನ ಕೀಲಿ ತಿರುಗಿಸಿದ ಕೂಡಲೇ ಸ್ಟಾರ್ಟ್ ಆಗ್ತದೆ. ಇನ್ನೊಂದು ದಿನ ಏನು ಮಾಡಿದ್ರೂ ಇಲ್ಲ. ಗ್ಯಾರೇಜಿಗೆ ತಗೊಂಡು ಹೋದ್ರೆ ಅಲ್ಲಿ ಸರಿಯಾಗಿಯೇ ಇರ್ತದೆ.’ ಇವತ್ತಿನ ಮಾತು ಈ ಕಾರಿನ ಬಗ್ಗೆ.

ನಾನು ಓದಿದ್ದು ಕನ್ನಡ ಬಿ.ಎ. ಕೇಶಿರಾಜನನ್ನು ಓದಿದವರಿಗೂ ಕಾರಿನ ಎಂಜಿನ್ನಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧ ಇದೆ. ಈ ಕಾಯಿಲೆಯ ಅರ್ಧ ಭಾಗ ಸದ್ದಿನಲ್ಲಿದೆ, ಉಳಿದರ್ಧ ಆ ಸದ್ದನ್ನು ಇನ್ನೊಬ್ಬರಿಗೆ ಹೇಳುವ ಮಾತಿನಲ್ಲಿದೆ. ಸದ್ದು ಮತ್ತು ಮಾತು ಎರಡೂ ನಮ್ಮ ಕಸುಬಿಗೆ ಸೇರಿದ್ದೇ.

ಯಾವಾಗಲೂ ಸ್ಟಾರ್ಟ್ ಆಗದ ಕಾರು ಸುಲಭದ ಕಾರು. ಮೆಕ್ಯಾನಿಕ್ ಬರುತ್ತಾರೆ, ತಪ್ಪು ಕಣ್ಣೆದುರಿಗೇ ಇರುತ್ತದೆ, ಹುಡುಕುತ್ತಾರೆ, ಸಿಗುತ್ತದೆ. ಆಗೊಮ್ಮೆ ಈಗೊಮ್ಮೆ ಕೈಕೊಡುವ ಕಾರು ಹಾಗಲ್ಲ. ಮೆಕ್ಯಾನಿಕ್ ಎದುರಿಗೆ ಅದು ಮೇಷ್ಟ್ರ ಮುಂದೆ ನಿಂತ ಹುಡುಗನ ಹಾಗೆ ವಿನಯದಿಂದ ನಡೆದುಕೊಳ್ಳುತ್ತದೆ. ಆಗ ಮೆಕ್ಯಾನಿಕ್ ಬಳಿ ಇರುವ ಒಂದೇ ಸಾಕ್ಷಿ ನಿಮ್ಮ ಮಾತು. ನೀವು ಏನು ಹೇಳುತ್ತೀರಿ? ‘ಕಾರು ಸ್ಟಾರ್ಟ್ ಆಗ್ತಿಲ್ಲ’ ಎನ್ನುತ್ತೀರಿ. ಇಷ್ಟೇ ಕೇಳಿಸಿಕೊಂಡವರು ಏನು ಮಾಡಬೇಕು? ಸಾಮಾನ್ಯವಾಗಿ ಹೊಸ ಬ್ಯಾಟರಿ ಹಾಕುತ್ತಾರೆ. ಅವರನ್ನು ದೂರುವ ಹಾಗಿಲ್ಲ. ನಾವು ಹೇಳಿದ ವಾಕ್ಯ ಅಷ್ಟು ಮೊಂಡಾಗಿದೆ.

ನಮ್ಮ ಬೀದಿಯ ಕನ್ನಡದಲ್ಲಿ ಇದಕ್ಕಿಂತ ಹರಿತವಾದ ಎರಡು ಮಾತುಗಳಿವೆ. ಒಂದು, ‘ಸೆಲ್ಫ್ ತಗೊಳ್ತಿಲ್ಲ.’ ಇನ್ನೊಂದು, ‘ಸೆಲ್ಫ್ ತಗೊಳ್ತದೆ, ಎಂಜಿನ್ ಹಿಡೀತಿಲ್ಲ.’ ಲಾರಿಯವರು, ರಿಕ್ಷಾದವರು ಹೀಗೆಯೇ ಹೇಳುತ್ತಾರೆ. ಸೆಲ್ಫ್ ಎಂದರೆ ಸ್ಟಾರ್ಟರ್ ಮೋಟಾರು. ಎಂಜಿನ್ನನ್ನು ಮೊದಲ ನಾಲ್ಕು ಸುತ್ತು ತಿರುಗಿಸಿ ಕೊಡುವುದು ಅದರ ಕೆಲಸ. ಅದು ತಿರುಗದಿದ್ದರೆ ತಪ್ಪು ವಿದ್ಯುತ್ತಿನ ದಾರಿಯಲ್ಲಿದೆ: ಬ್ಯಾಟರಿ, ದಪ್ಪ ತಂತಿಗಳು, ಕೀಲಿಯ ಸ್ವಿಚ್ಚು, ಸೆಲ್ಫ್ ಮೋಟಾರು. ಸೆಲ್ಫ್ ಚೆನ್ನಾಗಿ ತಿರುಗಿಯೂ ಎಂಜಿನ್ ಹಿಡಿಯದಿದ್ದರೆ ತಪ್ಪು ಪೆಟ್ರೋಲಿನ ಕಡೆ ಅಥವಾ ಕಿಡಿಯ ಕಡೆ ಇದೆ. ಇವೆರಡೂ ಬೇರೆ ಬೇರೆ ಊರಿಗೆ ಹೋಗುವ ರಸ್ತೆಗಳು. ಒಂದರ ಔಷಧಿ ಇನ್ನೊಂದಕ್ಕೆ ನಾಟುವುದಿಲ್ಲ. ಆದರೂ ‘ಸ್ಟಾರ್ಟ್ ಆಗ್ತಿಲ್ಲ’ ಎಂಬ ಒಂದೇ ವಾಕ್ಯದ ಕೆಳಗೆ ಎರಡನ್ನೂ ಸೇರಿಸಿ ಎಷ್ಟೋ ಜನ ದುಡ್ಡು ಕಳೆದುಕೊಂಡಿದ್ದಾರೆ.

ಈಗ ಸದ್ದುಗಳಿಗೆ ಬರೋಣ. ಕನ್ನಡ ವ್ಯಾಕರಣದಲ್ಲಿ ಅನುಕರಣಾವ್ಯಯ ಎಂಬ ಒಂದು ಪ್ರಕಾರ ಇದೆ. ದಬದಬ, ಪಟಪಟ, ಸರಸರ, ಇಂಥವು. ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ಬರುತ್ತಿದ್ದ ಈ ಪ್ರಶ್ನೆ ಮುಂದೊಂದು ದಿನ ಕಾರಿನ ಬಾನೆಟ್ ಮುಂದೆ ಉಪಯೋಗಕ್ಕೆ ಬರುತ್ತದೆ ಎಂದು ನಮ್ಮ ಮೇಷ್ಟ್ರಿಗೂ ಗೊತ್ತಿರಲಿಕ್ಕಿಲ್ಲ.

ಕೀಲಿ ತಿರುಗಿಸಿದಾಗ ‘ಕಟಕಟಕಟಕಟ’ ಎಂದು ಬೇಗ ಬೇಗ ಸದ್ದು ಬಂದರೆ ಹೆಚ್ಚಾಗಿ ಬ್ಯಾಟರಿ ಸೋತಿದೆ ಅಥವಾ ಬ್ಯಾಟರಿಯ ತಲೆಯ ಮೇಲಿನ ಟರ್ಮಿನಲ್ ಸಡಿಲವಾಗಿದೆ. ಸೆಲ್ಫ್ ಮೋಟಾರಿನ ಮೇಲೆ ಸೊಲೆನಾಯ್ಡ್ ಎಂಬ ಒಂದು ಚಿಕ್ಕ ಅಯಸ್ಕಾಂತದ ಸ್ವಿಚ್ಚಿದೆ. ಅದು ಮುಚ್ಚಿಕೊಂಡ ಕೂಡಲೇ ಮೋಟಾರು ಕರೆಂಟನ್ನು ಗಟಗಟ ಕುಡಿಯುತ್ತದೆ, ಸೋತ ಬ್ಯಾಟರಿಯ ವೋಲ್ಟ್ ಕುಸಿಯುತ್ತದೆ, ಸ್ವಿಚ್ಚಿನ ಹಿಡಿತ ತಪ್ಪುತ್ತದೆ. ಮೋಟಾರು ಬಿಟ್ಟಿತೆಂದು ವೋಲ್ಟ್ ಏರುತ್ತದೆ, ಸ್ವಿಚ್ಚು ಮತ್ತೆ ಹಿಡಿಯುತ್ತದೆ. ಹೀಗೆ ಸೆಕೆಂಡಿಗೆ ಹಲವು ಸಲ.

ಒಂದೇ ಒಂದು ಗಟ್ಟಿ ‘ಟಕ್’ ಬಂದು ಆಮೇಲೆ ಮೌನವಾದರೆ ಸ್ವಿಚ್ಚು ಹಿಡಿದಿದೆ, ಮೋಟಾರು ತಿರುಗಿಲ್ಲ. ಆಗ ಮಾಡಬೇಕಾದ ಕೆಲಸ ಒಂದೇ. ಹೆಡ್‌ಲೈಟ್ ಹಾಕಿ ಗೋಡೆಯ ಮೇಲೆ ಬೆಳಕು ನೋಡುತ್ತಾ ಮತ್ತೊಮ್ಮೆ ಕೀಲಿ ತಿರುಗಿಸಿ. ಬೆಳಕು ಸಾಯುವಷ್ಟು ಕುಂದಿದರೆ ಬ್ಯಾಟರಿ ಕಡೆ ನೋಡಿ. ಕೆಲವು ಕಾರುಗಳಲ್ಲಿ ಕೀಲಿ ತಿರುಗಿಸಿದಾಗ ಹೆಡ್‌ಲೈಟ್ ತಾನಾಗಿಯೇ ಆರುತ್ತದೆ, ಅಂಥದರಲ್ಲಿ ಒಳಗಿನ ಚಾವಣಿಯ ದೀಪ ನೋಡಿದರೆ ಸಾಕು. ಬೆಳಕು ಕದಲದೆ ನಿಂತಿದ್ದರೆ ಬ್ಯಾಟರಿಯನ್ನು ಬಯ್ಯಬೇಡಿ. ಕರೆಂಟು ಇದೆ, ಮೋಟಾರಿಗೆ ಮುಟ್ಟುತ್ತಿಲ್ಲ. ಸೊಲೆನಾಯ್ಡಿನೊಳಗಿನ ತಾಮ್ರದ ಬಿಲ್ಲೆಗಳು ಸುಟ್ಟು ಸವೆದಿರಬಹುದು, ಮೋಟಾರಿನ ಕಾರ್ಬನ್ ಬ್ರಷ್ ಮುಗಿದಿರಬಹುದು, ಅಥವಾ ದಪ್ಪ ತಂತಿಯ ಎಲ್ಲೋ ಒಂದು ಕೀಲು ತುಕ್ಕು ಹಿಡಿದಿರಬಹುದು. ಬ್ರಷ್ ಸವೆದ ಮೋಟಾರನ್ನು ಸ್ಪ್ಯಾನರ್ ಹಿಡಿಯಿಂದ ಮೆಲ್ಲಗೆ ತಟ್ಟಿದರೆ ಒಮ್ಮೆ ಎದ್ದು ತಿರುಗುವುದುಂಟು. ಅದು ಗ್ಯಾರೇಜಿನವರೆಗೆ ಮುಟ್ಟಲು ಮಾತ್ರ, ಗುಣವಾಯಿತೆಂದು ತಿಳಿಯಬಾರದು.

‘ಕುಯ್... ಕುಯ್...’ ಎಂದು ನಿಧಾನ ತಿರುಗಿದರೆ ಬ್ಯಾಟರಿ ಅಥವಾ ತಂತಿ. ಮೋಟಾರು ಮಾತ್ರ ‘ಝುಂಯ್’ ಎಂದು ತಾನೇ ಓಡಿ ಎಂಜಿನ್ ಅಲುಗಾಡದಿದ್ದರೆ ಸೆಲ್ಫಿನ ಹಲ್ಲು ಕಚ್ಚುತ್ತಿಲ್ಲ; ಮೆಕ್ಯಾನಿಕ್‌ಗಳು ಬೆಂಡಿಕ್ಸ್ ಹೋಗಿದೆ ಎನ್ನುತ್ತಾರೆ. ಸದ್ದೇ ಇಲ್ಲ, ಡ್ಯಾಶ್‌ಬೋರ್ಡಿನ ದೀಪಗಳೂ ಇಲ್ಲ ಎಂದರೆ ಟರ್ಮಿನಲ್ಲನ್ನು ಕೈಯಿಂದ ಅಲುಗಾಡಿಸಿ ನೋಡಿ. ದೀಪಗಳಿವೆ, ಟಕ್ ಕೂಡ ಇಲ್ಲ ಎಂದರೆ ಕೀಲಿಯ ಸ್ವಿಚ್ಚು, ರಿಲೇ ಅಥವಾ ಸೊಲೆನಾಯ್ಡಿಗೆ ಹೋಗುವ ಸಪೂರ ತಂತಿ. ಆಟೊಮ್ಯಾಟಿಕ್ ಗೇರಿನ ಕಾರಾದರೆ ಪಾರ್ಕಿನಿಂದ ನ್ಯೂಟ್ರಲ್‌ಗೆ ತಂದು ಒಮ್ಮೆ ಪ್ರಯತ್ನಿಸಿ. ಅಲ್ಲಿ ಹಿಡಿದರೆ ಗೇರಿನ ಬುಡದ ಸ್ವಿಚ್ಚು ಸವೆದಿದೆ ಎಂದರ್ಥ.

ಇಷ್ಟು ಹೇಳಿದ ಮೇಲೆ ಒಂದು ನಿಜ ಸಂಗತಿ ಹೇಳುತ್ತೇನೆ. ನನ್ನ ಅಕ್ಕ ಭಾವ ಡೊಂಬಿವಲಿಯಲ್ಲಿದ್ದಾರೆ. ಭಾವನ ತಾಯಿಗೆ ವಾರಕ್ಕೆ ಮೂರು ದಿನ ಡಯಾಲಿಸಿಸ್. ಮಂಗಳವಾರ, ಗುರುವಾರ, ಶನಿವಾರ, ಠಾಣೆಯ ಒಂದು ಆಸ್ಪತ್ರೆಯಲ್ಲಿ, ಬೆಳಗಿನ ಮೊದಲ ಪಾಳಿ. ಆರು ಗಂಟೆಗೆ ಮನೆ ಬಿಡಬೇಕು. ತಡವಾದರೆ ಯಂತ್ರ ಮುಂದಿನ ರೋಗಿಗೆ ಹೋಗುತ್ತದೆ, ನಾಲ್ಕು ಗಂಟೆಯ ಚಿಕಿತ್ಸೆ ಮೂರಕ್ಕೆ ಇಳಿಯುತ್ತದೆ. ಆ ಹೆಂಗಸಿಗೆ ಲೋಕಲ್ ಹತ್ತುವ ಶಕ್ತಿ ಇಲ್ಲ. ಮಳೆಗಾಲದ ಮುಂಜಾನೆ ಬಾಡಿಗೆ ಕಾರು ಬುಕ್ ಆಗುತ್ತದೆ, ಐದು ನಿಮಿಷದಲ್ಲಿ ರದ್ದಾಗುತ್ತದೆ. ಹಾಗಾಗಿ ಭಾವನ 2008ರ ಚಿಕ್ಕ ಕಾರೇ ಅವರಿಗೆ ಆಧಾರ.

ಆ ಕಾರು ಜೂನ್ ತಿಂಗಳಲ್ಲಿ ಕೈಕೊಡಲು ಶುರು ಮಾಡಿತು. ಬೆಳಿಗ್ಗೆ ಕೀಲಿ ತಿರುಗಿಸಿದರೆ ‘ಟಕ್’, ಅಷ್ಟೇ. ಅಮ್ಮ ಹಿಂದಿನ ಸೀಟಿನಲ್ಲಿ ಕುಳಿತು ‘ಆಗ್ತದೆ ಬಿಡು, ಗಡಿಬಿಡಿ ಮಾಡಬೇಡ’ ಎನ್ನುವುದು, ಭಾವ ಆರೇಳು ಸಲ ತಿರುಗಿಸುವುದು, ಕೊನೆಗೊಮ್ಮೆ ಹಿಡಿಯುವುದು. ಕೆಲವು ದಿನ ಏನೂ ತೊಂದರೆ ಇಲ್ಲ. ಗ್ಯಾರೇಜು ತೆರೆಯುವುದು ಹತ್ತು ಗಂಟೆಗೆ. ಅಲ್ಲಿ ಹೋದಾಗ ಕಾರು ಒಂದು ಸಲವೂ ತಪ್ಪಲಿಲ್ಲ. ಮೊದಲು ಬ್ಯಾಟರಿ ಬದಲಾಯಿತು, ನಾಲ್ಕು ಸಾವಿರ ಚಿಲ್ಲರೆ. ಒಂದು ವಾರ ನೆಮ್ಮದಿ, ಮತ್ತೆ ‘ಟಕ್’. ಆಮೇಲೆ ಸೆಲ್ಫ್ ಬಿಚ್ಚಿ ಬ್ರಷ್ ಹಾಕಿದರು. ಮತ್ತೆ ಹತ್ತು ದಿನ ನೆಮ್ಮದಿ. ಮೂರನೆಯ ಸಲ ಕೀಲಿಯ ಸ್ವಿಚ್ಚು. ಆಗಸ್ಟ್ ಹೊತ್ತಿಗೆ ಭಾವ, ‘ಗುಜರಿಗೆ ಹಾಕುವುದೇ ಸೈ ಮಾರಾಯ್ತಿ’ ಎಂದು ಅಕ್ಕನ ಹತ್ತಿರ ಹೇಳತೊಡಗಿದ್ದರು. ಹೊಸ ಕಾರಿನ ಕಂತು ಕಟ್ಟುವ ಸ್ಥಿತಿ ಆ ಮನೆಯಲ್ಲಿ ಇರಲಿಲ್ಲ. ಡಯಾಲಿಸಿಸ್ ಇರುವ ಮನೆಯ ಲೆಕ್ಕಾಚಾರ ಗೊತ್ತಿದ್ದವರಿಗೆ ಬಿಡಿಸಿ ಹೇಳಬೇಕಿಲ್ಲ.

ಅಕ್ಕ ಲೆಕ್ಕದಲ್ಲಿ ಗಟ್ಟಿ. ಹಾಲಿನವನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲೇ ಕಾರಿನ ಲೆಕ್ಕವನ್ನೂ ಬರೆಯತೊಡಗಿದಳು. ಎಷ್ಟು ಗಂಟೆಗೆ ಕೀಲಿ ತಿರುಗಿಸಿದ್ದು, ರಾತ್ರಿ ಮಳೆ ಇತ್ತೇ, ಗಾಡಿ ಬಿಸಿಯೋ ತಣ್ಣಗೋ, ಎಷ್ಟನೇ ಸಲಕ್ಕೆ ಹಿಡಿಯಿತು. ಮೂರು ವಾರದಲ್ಲಿ ಒಂದು ನಕ್ಷೆ ಎದ್ದು ಬಂತು. ಕೈಕೊಟ್ಟದ್ದೆಲ್ಲ ದಿನದ ಮೊದಲ ಸ್ಟಾರ್ಟಿನಲ್ಲಿ, ಅದೂ ಹಿಂದಿನ ರಾತ್ರಿ ಮಳೆ ಸುರಿದಿದ್ದ ದಿನಗಳಲ್ಲಿ. ಬಿಸಿಯಾದ ಕಾರು ಒಮ್ಮೆಯೂ ತಪ್ಪಿರಲಿಲ್ಲ. ಹತ್ತು ಗಂಟೆಗೆ ಗ್ಯಾರೇಜಿಗೆ ಹೋದಾಗ ಕಾರು ಓಡಿ, ಬಿಸಿಯಾಗಿ, ಒಣಗಿರುತ್ತಿತ್ತು. ಮೆಕ್ಯಾನಿಕ್ ಕಣ್ಣಿಗೆ ರೋಗ ಬೀಳಲು ಸಾಧ್ಯವೇ ಇರಲಿಲ್ಲ.

ಅವರ ಸೊಸೈಟಿಯ ಹಿಂದಿನ ರಸ್ತೆಯಲ್ಲಿ ವಿಜಾಪುರದ ಕಡೆಯ ಒಬ್ಬ ಆಟೋ ಎಲೆಕ್ಟ್ರಿಷಿಯನ್ ಇದ್ದಾರೆ. ಆ ಕ್ಯಾಲೆಂಡರಿನ ಹಾಳೆ ನೋಡಿ ಅವರು ಹೇಳಿದ ಮಾತು ನನಗೆ ಬಹಳ ಇಷ್ಟವಾಯಿತು. ‘ಸರ್ರ, ಗಾಡಿ ನನ್ನ ಹಂತ್ಯಾಕ ತರಬ್ಯಾಡ್ರಿ. ಕೈಕೊಟ್ಟಾಗ ಫೋನ್ ಮಾಡ್ರಿ, ನಾನೇ ಬರ್ತೀನಿ. ಆಮ್ಯಾಗ ಮತ್ತ ಮತ್ತ ಕೀಲಿ ತಿರುವಿ ಚಾಲೂ ಮಾಡಬ್ಯಾಡ್ರಿ, ಹಂಗ ಬಿಡ್ರಿ.’ ಮುಂದಿನ ಶನಿವಾರ ಬೆಳಿಗ್ಗೆ ಆರಕ್ಕೆ ಹತ್ತು ನಿಮಿಷ ಇರುವಾಗ ಫೋನ್ ಹೋಯಿತು. ಅವರು ಛತ್ರಿ ಹಿಡಿದು, ಹೆಗಲಿಗೆ ಚೀಲ ಹಾಕಿಕೊಂಡು ಬಂದರು. ಮಲ್ಟಿಮೀಟರಿನ ಒಂದು ಮೊನೆಯನ್ನು ಬ್ಯಾಟರಿಯ ಮೈನಸ್ ಕಂಬಕ್ಕೆ, ಇನ್ನೊಂದನ್ನು ಎಂಜಿನ್ನಿನ ಬರಿ ಲೋಹಕ್ಕೆ ಒತ್ತಿ ಹಿಡಿದು, ಭಾವನಿಗೆ ಕೀಲಿ ತಿರುಗಿಸಲು ಹೇಳಿದರು. ಟಕ್ ಎಂದಿತು. ಮೀಟರು 5 ವೋಲ್ಟ್ ದಾಟಿ ನಿಂತಿತು.

ಈ ಅಂಕಿಯ ಅರ್ಥ ಹೇಳಬೇಕು. ಬ್ಯಾಟರಿಯ ಮೈನಸ್ಸಿನಿಂದ ಒಂದು ತಂತಿ ಕಾರಿನ ಮೈಗೆ ಹೋಗುತ್ತದೆ. ಎಂಜಿನ್ ಕುಳಿತಿರುವುದು ರಬ್ಬರಿನ ಗದ್ದುಗೆಗಳ ಮೇಲೆ; ರಬ್ಬರಿನಲ್ಲಿ ಕರೆಂಟು ಹರಿಯುವುದಿಲ್ಲ. ಆದ್ದರಿಂದ ಕಾರಿನ ಮೈಯಿಂದ ಎಂಜಿನ್ನಿಗೋ ಗೇರ್‌ಬಾಕ್ಸಿಗೋ ಇನ್ನೊಂದು ದಪ್ಪ ಪಟ್ಟಿ ಕಟ್ಟಿರುತ್ತಾರೆ. ಇದೇ ಅರ್ತ್ ಪಟ್ಟಿ. ಸೆಲ್ಫ್ ಕುಡಿದ ಕರೆಂಟೆಲ್ಲ ಈ ಪಟ್ಟಿಯ ಮೂಲಕವೇ ಬ್ಯಾಟರಿಗೆ ಮರಳಬೇಕು. ಚಿಕ್ಕ ಕಾರಿನ ಸೆಲ್ಫೂ ನೂರು ಆಂಪಿಯರಿನ ಆಸುಪಾಸು ಎಳೆಯುತ್ತದೆ. ಮನೆಯ ದೊಡ್ಡ ಏಸಿ ಎಳೆಯುವುದು ಏಳೆಂಟು ಆಂಪಿಯರ್ ಎಂದರೆ ಅಂದಾಜು ಸಿಗಬಹುದು. ಇಷ್ಟು ಕರೆಂಟಿಗೆ 1 ಓಮಿನ 20ರಲ್ಲಿ ಒಂದು ಭಾಗದಷ್ಟು ಅಡ್ಡಿ ಎದುರಾದರೆ ಸಾಕು, ಅಲ್ಲೇ 5 ವೋಲ್ಟ್ ನಷ್ಟ. 12ರಲ್ಲಿ 5 ದಾರಿಯಲ್ಲೇ ಕಳೆದರೆ ಮೋಟಾರಿಗೆ ಏನು ಉಳಿಯಿತು? ಸರಿಯಾಗಿರುವ ಅರ್ತಿನಲ್ಲಿ ಈ ಮೀಟರು 0.2 ವೋಲ್ಟ್ ಒಳಗೇ ಇರಬೇಕು.

ಹೆಡ್‌ಲೈಟುಗಳು ಮಾತ್ರ ಝಗಝಗ ಉರಿಯುತ್ತಿದ್ದವು. ಏಕೆಂದರೆ ಅವುಗಳ ಅರ್ತ್ ಕಾರಿನ ಮೈಗೆ ಇದೆ, ಎಂಜಿನ್ನಿನ ಪಟ್ಟಿಗೂ ಅವಕ್ಕೂ ಸಂಬಂಧ ಇಲ್ಲ. ಬ್ಯಾಟರಿ ತಪ್ಪಿಲ್ಲ ಎಂದು ಆ ದೀಪಗಳು ಜೂನ್ ತಿಂಗಳಿನಿಂದ ಹೇಳುತ್ತಲೇ ಇದ್ದವು.

ಎಲೆಕ್ಟ್ರಿಷಿಯನ್ ಇನ್ನೊಂದು ತಮಾಷೆ ತೋರಿಸಿದರು. ಆಕ್ಸಿಲರೇಟರಿನ ಕೇಬಲ್ಲನ್ನು ಮುಟ್ಟಿ ನೋಡಲು ಹೇಳಿದರು. ಬೆಚ್ಚಗಿತ್ತು. ತಣ್ಣನೆಯ ಎಂಜಿನ್, ಸುತ್ತ ಮಳೆ, ಆದರೂ ಕೇಬಲ್ ಬೆಚ್ಚಗೆ. ಹೆದ್ದಾರಿ ಮುಚ್ಚಿದಾಗ ನಮ್ಮ ಮುಂಬೈಯ ವಾಹನಗಳು ಗಲ್ಲಿ ಹುಡುಕುತ್ತವಲ್ಲ, ಹಾಗೆಯೇ ಅರ್ತ್ ಪಟ್ಟಿ ಕೆಟ್ಟಾಗ ಕರೆಂಟು ಎಂಜಿನ್ನನ್ನೂ ಮೈಯನ್ನೂ ಸೇರಿಸುವ ಯಾವ ಲೋಹದ ಎಳೆ ಸಿಕ್ಕಿದರೂ ಅದರಲ್ಲಿ ನುಗ್ಗುತ್ತದೆ. ಸಪೂರ ಕೇಬಲ್ ಆ ಭಾರ ತಾಳದೆ ಕಾಯುತ್ತದೆ. ಹಳೆಯ ಕಾರುಗಳಲ್ಲಿ ಆಕ್ಸಿಲರೇಟರ್ ಅಥವಾ ಕ್ಲಚ್ ಕೇಬಲ್ ಕಾರಣವಿಲ್ಲದೆ ಸುಟ್ಟು ಬಿಗಿಯಾದರೆ ಅರ್ತ್ ನೋಡಬೇಕೆಂದು ಅನುಭವಿಗಳು ಹೇಳುವುದು ಇದಕ್ಕೇ.

ಕೊನೆಯ ಸಾಕ್ಷಿಯಾಗಿ ಜಂಪ್ ಕೇಬಲಿನ ಒಂದು ಎಳೆಯನ್ನು ಬ್ಯಾಟರಿಯ ಮೈನಸ್ಸಿನಿಂದ ನೇರ ಎಂಜಿನ್ನಿನ ಲೋಹಕ್ಕೆ ಕಚ್ಚಿಸಿದರು. ಒಂದೇ ತಿರುವಿಗೆ ಕಾರು ಎದ್ದಿತು. ಅದೇ ಏರ್ಪಾಟಿನಲ್ಲಿ ಅಮ್ಮನನ್ನು ಠಾಣೆಗೆ ಕರೆದುಕೊಂಡು ಹೋದರು. ಮಧ್ಯಾಹ್ನ ಮರಳಿದ ಮೇಲೆ ಪಟ್ಟಿ ಬಿಚ್ಚಿದರು. ಹೊರಗಿನಿಂದ ನೋಡಿದರೆ ಅದಕ್ಕೇನೂ ಆಗಿರಲಿಲ್ಲ. ಬೋಲ್ಟ್ ಬಿಗಿಯಾಗಿಯೇ ಇತ್ತು. ಬಿಚ್ಚಿದಾಗ ಅಡಿಯಲ್ಲಿ ಕಂದು ಬಣ್ಣದ ತುಕ್ಕಿನ ಪುಡಿ, ತಾಮ್ರದ ಎಳೆಗಳ ಬುಡದಲ್ಲಿ ಹಸಿರು ಕಿಲುಬು. 15 ಮಳೆಗಾಲ, ಖಾರಿಯ ಉಪ್ಪುಗಾಳಿ, ರಸ್ತೆಯ ಮೊಣಕಾಲು ನೀರು. ರಾತ್ರಿ ನೀರು ಸೇರಿದ ತುಕ್ಕು, ಅದರ ಮೇಲೆ ಬೆಳಗಿನ ತಣ್ಣನೆಯ ಎಂಜಿನ್. ಮೊದಲ ಸ್ಟಾರ್ಟಿನ ಭಾರವೇ ದಿನದಲ್ಲಿ ಅತಿ ಹೆಚ್ಚಿನದು, ಹಾಗಾಗಿ ಅಲ್ಲೇ ಸೋಲುತ್ತಿತ್ತು. ಲೋಹವನ್ನು ಹೊಳೆಯುವಂತೆ ಉಜ್ಜಿ, ಹೊಸ ಪಟ್ಟಿ ಹಾಕಿ, ಮೇಲೆ ಗ್ರೀಸ್ ಬಳಿದರು. ಕೂಲಿ ಸೇರಿ 600 ರೂಪಾಯಿ.

ಹಾಗೆಂದು ನಿಮ್ಮ ಕಾರಿನ ರೋಗವೂ ಅರ್ತ್ ಪಟ್ಟಿಯೇ ಆಗಿರಬೇಕೆಂದಿಲ್ಲ. ಬಿಸಿಯಾದಾಗ ಮಾತ್ರ ಕೈಕೊಡುವ ಕಾರುಗಳ ಜಾತಿಯೇ ಬೇರೆ. ಪನ್ವೇಲಿನಲ್ಲಿ ಚಹಾಕ್ಕೆ ನಿಲ್ಲಿಸುತ್ತೀರಿ, ಕಾಲು ಗಂಟೆ ಬಿಟ್ಟು ಹೊರಟರೆ ಸೆಲ್ಫ್ ಚೆನ್ನಾಗಿ ತಿರುಗುತ್ತದೆ, ಎಂಜಿನ್ ಹಿಡಿಯುವುದಿಲ್ಲ. ಮುಕ್ಕಾಲು ಗಂಟೆ ಕಾದರೆ ತಾನಾಗಿಯೇ ಸರಿ. ಇಂಥ ಕಡೆ ಮೊದಲ ಅನುಮಾನ ಕ್ರ್ಯಾಂಕ್ ಸೆನ್ಸರಿನ ಮೇಲೆ. ಎಂಜಿನ್ ತಿರುಗುತ್ತಿದೆ ಎಂದು ಕಂಪ್ಯೂಟರಿಗೆ ತಿಳಿಸುವ ಚಿಕ್ಕ ಉಪಕರಣ ಅದು. ವಯಸ್ಸಾದಾಗ ಒಳಗಿನ ಸುರುಳಿ ಬಿಸಿಗೆ ಬಾಯಿ ಬಿಡುತ್ತದೆ, ತಣಿದಾಗ ಕೂಡಿಕೊಳ್ಳುತ್ತದೆ. ಕಾರ್ಬೋರೇಟರ್ ಕಾಲದ ಗಾಡಿಗಳಲ್ಲಿ ಇದೇ ಲಕ್ಷಣಕ್ಕೆ ಬೇರೆ ಕಾರಣ ಇತ್ತು, ಪೆಟ್ರೋಲು ಕೊಳವೆಯಲ್ಲೇ ಕುದಿದು ಆವಿಯಾಗುತ್ತಿತ್ತು. ಪೆಟ್ರೋಲ್ ಪಂಪಿನ ಮೇಲೆ ಒದ್ದೆ ಬಟ್ಟೆ ಸುತ್ತುತ್ತಿದ್ದ ಪದ್ಮಿನಿ ಟ್ಯಾಕ್ಸಿಯವರನ್ನು ಹಳಬರು ಕಂಡಿರಬಹುದು. ಆ ಕಪ್ಪು ಹಳದಿ ಪದ್ಮಿನಿಗಳು 2023ರ ಅಕ್ಟೋಬರಿನಲ್ಲಿ ಮುಂಬೈಯ ಬಾಡಿಗೆ ಓಟ ಮುಗಿಸಿದವು.

ನಮ್ಮ ನಗರಕ್ಕೇ ವಿಶೇಷವಾದ ಇನ್ನೊಂದು ಕಾರಣ ಸಿಎನ್‌ಜಿ. ಇಂಜೆಕ್ಷನ್ ಎಂಜಿನ್ನಿಗೆ ಹೊರಗಿನಿಂದ ಕೂರಿಸಿದ ಸಿಎನ್‌ಜಿ ಕಿಟ್ಟುಗಳಲ್ಲಿ ಹೆಚ್ಚಿನವು ಪೆಟ್ರೋಲಿನಲ್ಲಿ ಸ್ಟಾರ್ಟ್ ಆಗಿ, ಸ್ವಲ್ಪ ಬಿಸಿಯಾದ ಮೇಲೆ ಗ್ಯಾಸಿಗೆ ತಿರುಗುತ್ತವೆ. ಓಡುವುದು ಗ್ಯಾಸಿನಲ್ಲಿ ತಾನೇ ಎಂದು ನಮ್ಮವರು ಪೆಟ್ರೋಲು ಹಾಕುವುದನ್ನೇ ಬಿಟ್ಟುಬಿಡುತ್ತಾರೆ, ಮುಳ್ಳು ಸದಾ ಕೆಂಪು ಗೆರೆಯಲ್ಲಿ. ಪೆಟ್ರೋಲಿನ ಪಂಪು ಇರುವುದು ಟ್ಯಾಂಕಿನೊಳಗೆ, ಅದನ್ನು ತಂಪಾಗಿಡುವುದೂ ಸುತ್ತಲಿನ ಪೆಟ್ರೋಲೇ. ಒಣ ಟ್ಯಾಂಕಿನಲ್ಲಿ ಪಂಪು ಕಾದು ಕಾದು ಒಂದು ದಿನ ತಿರುಗುತ್ತದೆ, ಇನ್ನೊಂದು ದಿನ ಇಲ್ಲ. ಪರೀಕ್ಷೆ ಬಹಳ ಸುಲಭ. ಕಿಟಕಿ ಮುಚ್ಚಿ, ರೇಡಿಯೋ ಬಂದ್ ಮಾಡಿ (ಈ ಕಾರ್ಯಕ್ರಮ ಮುಗಿದ ಮೇಲೆ ಮಾಡಿದರೆ ಸಾಕು), ಕೀಲಿಯನ್ನು ಆನ್ ಮಾಡಿ ಅಲ್ಲೇ ನಿಲ್ಲಿಸಿ. ಹಿಂದಿನ ಸೀಟಿನ ಅಡಿಯಿಂದ ಎರಡು ಸೆಕೆಂಡು ‘ಗುಂಯ್’ ಎಂಬ ಸದ್ದು ಬರಬೇಕು. ಸರಿಯಿರುವ ದಿನ ಈ ಸದ್ದನ್ನು ಕೇಳಿ ಕಿವಿಗೆ ಪರಿಚಯ ಮಾಡಿಕೊಂಡಿರಿ. ಕೈಕೊಟ್ಟ ದಿನ ಅದು ಬರದಿದ್ದರೆ ಪಂಪು ಅಥವಾ ಅದರ ರಿಲೇ. ಸದ್ದು ಬಂದೂ ಹಿಡಿಯದಿದ್ದರೆ ಕಿಡಿಯ ಕಡೆ ನೋಡಬೇಕು. ಒದ್ದೆ ಬೆಳಗಿನಲ್ಲಿ ಪ್ಲಗ್ಗಿನ ದಪ್ಪ ವೈರುಗಳು ಹಳತಾಗಿದ್ದರೆ ಕಿಡಿ ಹೊರಗೇ ಸೋರಿಹೋಗುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಕೀಲಿಯ ಚಿತ್ರದ ದೀಪ ಮಿಣುಕುತ್ತಿದ್ದರೆ ಕಾರು ನಿಮ್ಮ ಕೀಲಿಯನ್ನು ಗುರುತಿಸಿಲ್ಲ, ಎರಡನೆಯ ಕೀಲಿ ತಂದು ನೋಡಿ.

ಬ್ಯಾಟರಿಯದ್ದೇ ತಪ್ಪಾಗಿರುವ ಕಾರುಗಳೂ ಬೇಕಾದಷ್ಟಿವೆ. ಅದನ್ನೂ ಅಳೆದೇ ನಂಬಿ. ಲ್ಯಾಮಿಂಗ್ಟನ್ ರೋಡಿನಲ್ಲಿ ಕೆಲವು ನೂರು ರೂಪಾಯಿಗೆ ಮಲ್ಟಿಮೀಟರ್ ಸಿಗುತ್ತದೆ. ರಾತ್ರಿಯೆಲ್ಲ ನಿಂತ ಕಾರಿನ ಬ್ಯಾಟರಿ ಬೆಳಿಗ್ಗೆ 12.6 ವೋಲ್ಟ್ ತೋರಿಸಿದರೆ ಪೂರ್ತಿ ತುಂಬಿದೆ, 12.4 ಪರವಾಗಿಲ್ಲ, 12ಕ್ಕೆ ಇಳಿದಿದ್ದರೆ ಖಾಲಿಯ ಹತ್ತಿರ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಬೀಳಬಾರದು. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.4ರ ನಡುವೆ ಇರಬೇಕು. 13ನ್ನೂ ದಾಟದಿದ್ದರೆ ಆಲ್ಟರ್ನೇಟರ್ ತುಂಬಿಸುತ್ತಿಲ್ಲ, ಹೊಸ ಬ್ಯಾಟರಿ ಹಾಕಿದರೂ ಅದೇ ಕತೆ. ನಮ್ಮಲ್ಲಿ ಎಷ್ಟೋ ಕಾರುಗಳು ಸೋಮವಾರದಿಂದ ಶನಿವಾರದವರೆಗೆ ಸೊಸೈಟಿಯ ಕಂಪೌಂಡಿನಲ್ಲಿ ಪಾರಿವಾಳಗಳಿಗೆ ಪೀಠವಾಗಿ ನಿಂತಿರುತ್ತವೆ. ನಿಂತ ಕಾರೂ ಗಡಿಯಾರ, ಅಲಾರಮ್ಮಿಗೆಂದು ಕರೆಂಟು ಕುಡಿಯುತ್ತಿರುತ್ತದೆ. 50 ಮಿಲಿಆಂಪಿಯರ್ ಎಂದರೆ ಸಹಿಸಬಹುದಾದ ಲೆಕ್ಕ. ಚಿಕ್ಕ ಕಾರಿನ 35 ಆಂಪಿಯರ್-ಅವರ್ ಬ್ಯಾಟರಿಯನ್ನು ಅಷ್ಟೇ 29 ದಿನಗಳಲ್ಲಿ ಪೂರ್ತಿ ಬರಿದು ಮಾಡುತ್ತದೆ. ಸೆಲ್ಫ್ ಸೋಲಲು ಪೂರ್ತಿ ಬರಿದಾಗಬೇಕಿಲ್ಲ, ಅರ್ಧ ಸಾಕು. ಆಮೇಲೆ ಹಾಕಿಸಿದ ಸ್ಟೀರಿಯೋ ಒಂದರ ತಂತಿ ತಪ್ಪು ಕಡೆ ಸೇರಿದ್ದರೆ ಇನ್ನೂ ಬೇಗ. ವಾರಕ್ಕೊಮ್ಮೆ ಕಂಪೌಂಡಿನಲ್ಲೇ ಐದು ನಿಮಿಷ ಎಂಜಿನ್ ಓಡಿಸಿ ಬಂದ್ ಮಾಡುವ ಪದ್ಧತಿ ನನಗೆ ಸರಿ ಕಾಣುವುದಿಲ್ಲ. ಅರ್ಧ ಗಂಟೆ ರಸ್ತೆಯಲ್ಲಿ ಓಡಿಸಿ.

ಧಕ್ಕಾ ಸ್ಟಾರ್ಟ್ ಬಗ್ಗೆ ಒಂದು ಮಾತು. ತಳ್ಳಿದಾಗ ಕಾರು ಹಿಡಿದರೆ ಪೆಟ್ರೋಲು, ಕಿಡಿ ಎರಡೂ ಸರಿಯಿವೆ, ತಪ್ಪು ಸೆಲ್ಫಿನ ಕಡೆಗಿದೆ ಎಂದು ಪುಕ್ಕಟೆ ತಿಳಿಯುತ್ತದೆ. ಆದರೆ ಇದು ಆಟೊಮ್ಯಾಟಿಕ್‌ನಲ್ಲಿ ಆಗದು. ಸೈಲೆನ್ಸರಿನಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್ ಇರುವ ಕಾರನ್ನು ಮತ್ತೆ ಮತ್ತೆ ತಳ್ಳಿದರೆ ಉರಿಯದ ಪೆಟ್ರೋಲು ಅದನ್ನು ಹಾಳು ಮಾಡುತ್ತದೆ. ಎಂಜಿನ್ ಬಂದಾಗಿರುವಾಗ ಬ್ರೇಕೂ ಸ್ಟಿಯರಿಂಗೂ ಕಲ್ಲಿನಂತಾಗುವುದನ್ನು ಇಳಿಜಾರಿನಲ್ಲಿ ತಳ್ಳುವವರು ನೆನಪಿಡಬೇಕು. ಸೆಲ್ಫನ್ನು ಒಂದೇ ಸಮ ಹತ್ತು ಸೆಕೆಂಡಿಗಿಂತ ಹೆಚ್ಚು ಹೊಡೆಯಬೇಡಿ, ನಡುವೆ ಒಂದು ನಿಮಿಷ ಬಿಡಿ. ಇಲ್ಲವಾದರೆ ಒಂದು ರೋಗಕ್ಕೆ ಇನ್ನೊಂದನ್ನು ಸೇರಿಸಿದಂತೆ.

ಹಳೆಯ ಕಾರನ್ನು ಯಾವಾಗ ಬಿಡಬೇಕು ಎಂದು ಕೇಳುವವರಿದ್ದಾರೆ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ. ತಪಾಸಣೆಯಲ್ಲಿ ಪಾಸಾದರೆ ಮತ್ತೆ 5 ವರ್ಷಕ್ಕೆ ನವೀಕರಿಸುತ್ತಾರೆ. ಭಾವನ ಕಾರು ಹಾಗೆ ನವೀಕರಣವಾಗಿ 2028ರವರೆಗೆ ಓಡಬಹುದು. ಅಡಿಯ ತಗಡು ತುಕ್ಕು ತಿಂದು ತೂತಾಗಿದ್ದರೆ, ಎಂಜಿನ್ ಆಯಿಲ್ ಕುಡಿಯುತ್ತಿದ್ದರೆ ಬಿಡಿ, ಅದಕ್ಕೆ ನನ್ನ ತಕರಾರಿಲ್ಲ. ಆಗೊಮ್ಮೆ ಈಗೊಮ್ಮೆ ಸ್ಟಾರ್ಟ್ ಆಗದಿರುವುದೊಂದೇ ಕಾರಣಕ್ಕೆ ಬಿಡಬೇಡಿ. ಗುಜರಿಯವನು ಕೊಂಡ ಮರುದಿನವೇ ಒಂದು ಪಟ್ಟಿ ಬದಲಿಸಿ ಇನ್ನೊಬ್ಬರಿಗೆ ಮಾರುತ್ತಾನೆ.

ಡಿಕ್ಕಿಯಲ್ಲಿ ಒಂದು ಜೊತೆ ದಪ್ಪ ಜಂಪ್ ಕೇಬಲ್ ಇಟ್ಟುಕೊಳ್ಳಿ. ಜೋಡಿಸುವ ಕ್ರಮ ಬರೆದುಕೊಳ್ಳುವವರು ಬರೆದುಕೊಳ್ಳಿ: ಕೆಂಪು ಮೊದಲು ನಿಮ್ಮ ಸೋತ ಬ್ಯಾಟರಿಯ ಪ್ಲಸ್ಸಿಗೆ, ಅದರ ಇನ್ನೊಂದು ತುದಿ ನೆರೆಯವರ ಬ್ಯಾಟರಿಯ ಪ್ಲಸ್ಸಿಗೆ, ಕಪ್ಪು ನೆರೆಯವರ ಮೈನಸ್ಸಿಗೆ, ಅದರ ಕೊನೆಯ ತುದಿ ನಿಮ್ಮ ಬ್ಯಾಟರಿಗಲ್ಲ, ಬ್ಯಾಟರಿಯಿಂದ ದೂರ, ನಿಮ್ಮ ಎಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೆ. ಬ್ಯಾಟರಿಯ ಬಳಿ ಹೈಡ್ರೋಜನ್ ಅನಿಲ ಇರಬಹುದು, ಕೊನೆಯ ಜೋಡಣೆಯಲ್ಲಿ ಕಿಡಿ ಹಾರುತ್ತದೆ, ಅದಕ್ಕೆ ಈ ದೂರ. ಬಿಚ್ಚುವಾಗ ಇದೇ ಕ್ರಮ ಹಿಂದುಮುಂದಾಗಿ.

ಅಕ್ಕನ ಕ್ಯಾಲೆಂಡರಿನಲ್ಲಿ ಕಾರಿನ ಲೆಕ್ಕ ಸೆಪ್ಟೆಂಬರ್ ಎರಡನೇ ವಾರದವರೆಗೆ ನಡೆದಿದೆ. ಆಮೇಲೆ ಹಾಲಿನದು ಮಾತ್ರ ಇದೆ.